ಹಳದಿ ಅಂಗಿಯವರ ನಡುವೆ ನಮ್ಮ ಮಾವ

ನಮ್ಮ ಸಿಯಾಟಲ್‌ನ ಬೇಸ್‌ಬಾಲ್ ತಂಡ ಸೋಲುವುದರಲ್ಲಿ ಪಳಗಿದ ತಂಡ. ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಿನವರ ಜೊತೆ ಒಂದು ಆಟ ನೋಡಲು ಹೋಗಿದ್ದೆ. ಅವರು ಸೋತ ಪರಿ ಕಂಡು ಅಯ್ಯೋ ಪಾಪ ಅನ್ನಿಸಿತು. ಆ ಪಾಪ ಅನ್ನಿಸಿದ್ದೇ ಬೆಳೆದು ಅಭಿಮಾನವಾಯಿತು.

2012ರ ಬೇಸಿಗೆಯಲ್ಲಿ ಮಾವನವರು ಮಂಡ್ಯದಿಂದ ಸಿಯಾಟಲ್ ಪಕ್ಕದ ರೆಂಟನ್‌ನ ನಮ್ಮ ಮನೆಗೆ ಬಂದಿದ್ದರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮೈದಾನದ ಆಚೆ ತುದಿಯವರನ್ನು ಕೂಗಿ ಕರೆದು ರೂಢಿಯಾದ ಗಂಟಲು. ಅವರು ಸಾರಿಗೆ ಉಪ್ಪು ಕೇಳಿದರೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡುತ್ತಿದ್ದರು.

ಒಂದು ಸಂಜೆ ಟಿವಿಯಲ್ಲಿ ಆಟ ನೋಡುತ್ತಿದ್ದಾಗ ಮಾವ ಸೋಫಾದಿಂದ ಎದ್ದೇ ನಿಂತರು. ಸ್ಟೇಡಿಯಂನ ಒಂದು ಮೂಲೆಯಲ್ಲಿ ನೂರಾರು ಜನ ಹಳದಿ ಟೀ ಶರ್ಟ್ ತೊಟ್ಟು, ಇಂಗ್ಲಿಷಿನ 'ಕೆ' ಅಕ್ಷರದ ಹಳದಿ ಕಾರ್ಡು ಎತ್ತಿ ಹಿಡಿದು ಕುಣಿಯುತ್ತಿದ್ದರು.

"ಅಲ್ಲ ಕಣವ್ವಾ, ಇಷ್ಟೊಂದ್ ಜನ ಕನ್ನಡದೋರವ್ರಾ ಇಲ್ಲಿ?"

"ಅಯ್ಯೋ ಮಾವ, ಕೆ ಅಂದ್ರೆ ಕನ್ನಡ ಅಲ್ಲ. ಬ್ಯಾಟು ಹಿಡಿದೋನು ಮೂರು ಒಳ್ಳೇ ಚೆಂಡು ಹೊಡೀದೆ ಬಿಟ್ಟು, ಅಂದ್ರೆ ಮೂರು ಸ್ಟ್ರೈಕ್ ಆಗಿ ಔಟಾದ್ರೆ ಹಾಗೆ ಕೆ ಅಂತ ಬರೀತಾರೆ. ಹಳದಿ ಅಂಗಿಯವರು ಆ ಪಿಚರ್ ಅಭಿಮಾನಿಗಳು. ಪಿಚರ್ ಅಂದ್ರೆ ನಮ್ಮ ಬೌಲರ್ ಇದ್ದ ಹಾಗೆ."

"ಅವ್ರು ಏನಾರ ಬರ್ಕೊಳ್ಳಲಿ. ಒಬ್ಬನಾದ್ರೂ ನಮ್ಮೋನು ಇದ್ದೇ ಇರ್ತಾನೆ. ನನ್ನ ಕರ್ಕೊಂಡೋಗು."

ಗಂಡನಿಗೆ ಮೀಟಿಂಗು ತಪ್ಪುವಂತಿರಲಿಲ್ಲ. ನಾನೇ ರಜೆ ಹಾಕಿ ಒಂದು ಬುಧವಾರದ ಮಧ್ಯಾಹ್ನದ ಆಟಕ್ಕೆ ಹಳದಿ ಮೂಲೆಯಲ್ಲೇ ಎರಡು ಸೀಟು ಹಿಡಿದೆ. ಅಂದು ಆಗಸ್ಟ್ ಹದಿನೈದು. ಬೆಳಿಗ್ಗೆ ಮಾವ ಬಾಲ್ಕನಿಯಲ್ಲಿ ಧ್ವಜ ಕಟ್ಟಿ, ಒಬ್ಬರೇ ಸೆಲ್ಯೂಟ್ ಹೊಡೆದು, ಒಬ್ಬರೇ ಜನಗಣಮನ ಹಾಡಿ, ಕೇಸರಿಬಾತ್ ತಿಂದು ಕಾರು ಹತ್ತಿದರು. ಕೊರಳಲ್ಲಿ ಹಳದಿ ಕೆಂಪಿನ ಶಾಲು.

ಸ್ಟೇಡಿಯಂನಲ್ಲಿ ಕೊಟ್ಟ ಹಳದಿ ಟೀ ಶರ್ಟನ್ನು ಮಾವ ತುಂಬುತೋಳಿನ ಅಂಗಿಯ ಮೇಲೇ ಎಳೆದುಕೊಂಡರು. ಅಮೆರಿಕದ ರಾಷ್ಟ್ರಗೀತೆಗೆ ಅವರಷ್ಟು ನೆಟ್ಟಗೆ ನಿಂತವರು ಇಡೀ ಸ್ಟೇಡಿಯಂನಲ್ಲಿ ಇನ್ನೊಬ್ಬರಿರಲಿಲ್ಲ. ಹಾಡು ಮುಗಿದೊಡನೆ ಹಳೇ ಅಭ್ಯಾಸದಲ್ಲಿ "ವಿಶ್ರಾಮ್!" ಎಂದು ಗರ್ಜಿಸಿದರು. ಮುಂದಿನ ಸಾಲಿನವನ ಕೈಯಿಂದ ಅರ್ಧ ಪಾಪ್‌ಕಾರ್ನ್ ನೆಲಕ್ಕೆ ಬಿತ್ತು.

ನಮ್ಮವರು ಒಂದೇ ಒಂದು ರನ್ ಮಾಡಿದರು. ಎದುರಿನವರು ಬರುವುದು, ಬ್ಯಾಟು ಬೀಸುವುದು, ಔಟಾಗಿ ಹೋಗುವುದು. ಬಿಸಿಲು ಏರುತ್ತಾ ಹೋದಂತೆ ನಾನು ಔಟಾದವರನ್ನು ಬೆರಳಲ್ಲಿ ಎಣಿಸತೊಡಗಿದೆ. ಎದುರಾಳಿಗಳಲ್ಲಿ ಒಬ್ಬನೂ ರನ್ನಿಗಾಗಿ ಓಡುವ ಹಾದಿಯ ಮೊದಲ ನಿಲ್ದಾಣವನ್ನೂ, ಅಂದರೆ ಮೊದಲನೇ ಬೇಸನ್ನೂ ತಲುಪದಂತೆ ಆಟ ಮುಗಿಸುವುದಕ್ಕೆ ಪರ್ಫೆಕ್ಟ್ ಗೇಮ್ ಎನ್ನುತ್ತಾರೆ. ನಮ್ಮ ತಂಡದ ಚರಿತ್ರೆಯಲ್ಲಿ ಅದು ಒಮ್ಮೆಯೂ ಆಗಿರಲಿಲ್ಲ. ಆಗುವ ಹಾಗಿದ್ದಾಗ ಯಾರೂ ಅದರ ಮಾತೆತ್ತಬಾರದು, ಎತ್ತಿದರೆ ಕೆಡುತ್ತದೆ ಎಂದು ಅಭಿಮಾನಿಗಳ ನಂಬಿಕೆ. ಸುತ್ತಲಿನವರೆಲ್ಲ ತುಟಿ ಬಿಗಿಹಿಡಿದಿದ್ದರು.

ಆ ಮೌನದಲ್ಲಿ ಮಾವನ ಗಂಟಲು ಮೊಳಗಿತು. "ಅಲ್ಲ ಕಣವ್ವಾ, ಅವ್ರ ಕಡೆ ಒಬ್ಬನೂ ಇನ್ನೂ ಬೇಸ್ ಮುಟ್ಟೇ ಇಲ್ವಲ್ಲಾ!"

ಸದ್ಯ, ಕನ್ನಡದಲ್ಲಿ ಹೇಳಿದರು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಎರಡು ಸಾಲು ಹಿಂದಿನಿಂದ ಅಳುವ ದನಿಯೊಂದು ಬಂತು: "ಅಂಕಲ್, ಪ್ಲೀಸ್! ಅದನ್ನ ಬಾಯ್ಬಿಟ್ಟು ಹೇಳ್ಬೇಡಿ!"

ತಿರುಗಿ ನೋಡಿದರೆ ಹಳದಿ ಅಂಗಿಯ, ಗಡ್ಡದ ಯುವಕ. ಮಾತು ಬೆಂಗಳೂರಿನದು. ಮಾವನ ಮುಖ ಊರಗಲವಾಯಿತು.

"ನಾನೇಳ್ಲಿಲ್ವಾ? ಇದ್ದೇ ಇರ್ತಾನೆ ಅಂತ! ನಿಂದ್ಯಾವ ಏರಿಯಾ ಮರಿ?"

"ಬಸವನಗುಡಿ ಅಂಕಲ್. ಆಮೇಲ್ ಮಾತಾಡೋಣ. ಈಗ ಅಲ್ಲಾಡ್ಬೇಡಿ, ಹಾಗೇ ಕೂತಿರಿ."

ಆ ಮಾತು ತಪ್ಪಾಯಿತು. ಅಲ್ಲಾಡಬೇಡಿ ಎಂದ ಕೂಡಲೇ ಮಾವನಿಗೆ ಬಾತ್‌ರೂಮಿಗೆ ಅವಸರವಾಯಿತು. ಎದ್ದರು. "ಅಂಕಲ್!" ಎಂದ ಯುವಕ. ಕೂತರು. ಮತ್ತೆ ಅರ್ಧ ಎದ್ದರು. ಪಕ್ಕದಲ್ಲಿದ್ದ ದಪ್ಪನೆಯ ಅಮೆರಿಕನ್ ಅಜ್ಜಿ ಒಂದಕ್ಷರ ಮಾತಾಡದೆ ಅವರ ಶಾಲು ಹಿಡಿದು ಕೆಳಕ್ಕೆ ಜಗ್ಗಿದಳು. ಆಮೇಲೆ ಮಾವ ಕಾಲ ಮೇಲೆ ಕಾಲು ಹಾಕಿ, ಶಾಲಿನ ತುದಿ ಕಚ್ಚಿಕೊಂಡು, ದೇಶಕ್ಕಾಗಿ ಎಂಬಂತೆ ತಡೆದುಕೊಂಡು ಕೂತರು.

ಕೊನೆಯ ಬ್ಯಾಟ್ಸ್‌ಮನ್ ಮೂರನೇ ಸ್ಟ್ರೈಕನ್ನು ಬ್ಯಾಟು ಬೀಸದೆ ನೋಡುತ್ತ ನಿಂತ. ಅಂಪೈರ್ ಕೈ ಮಾಡಿದ. ಪಿಚರ್ ಎರಡೂ ಕೈ ಆಕಾಶಕ್ಕೆತ್ತಿದ. ಆಮೇಲೆ ಯಾರು ಯಾರನ್ನು ತಬ್ಬಿದರೋ ಗೊತ್ತಿಲ್ಲ. ಬಸವನಗುಡಿಯವನು ಸೀಟುಗಳನ್ನು ದಾಟಿ ಬಂದು ನನ್ನ ಹೆಗಲ ಮೇಲೆ ಗಳಗಳ ಅತ್ತ. ನಾನೂ ಅತ್ತೆ, ಎಷ್ಟು ವರ್ಷ ಸೋಲು ನೋಡಿದ್ದೆವು! ಅಜ್ಜಿ ಮಾವನನ್ನು ಅಪ್ಪಿ ಹಿಡಿದು ಮೇಲಕ್ಕೆತ್ತಿದಳು. "ಬುಡವ್ವಾ, ಬುಡವ್ವಾ!" ಎಂದು ಬಿಡಿಸಿಕೊಂಡ ಮಾವ ಮೆಟ್ಟಿಲು ಹತ್ತಿ ಓಡಿದ ವೇಗಕ್ಕೆ ಆ ದಿನ ಯಾವ ಆಟಗಾರನೂ ಸಾಟಿಯಿರಲಿಲ್ಲ.

ಹಗುರಾಗಿ ಬಂದವರು ನನ್ನ ಫೋನು ಕಸಿದುಕೊಂಡು ಮಂಡ್ಯದ ಗೆಳೆಯರೊಬ್ಬರಿಗೆ ಕಾಲ್ ಮಾಡಿದರು. ಅಲ್ಲಿ ಇನ್ನೂ ಕೋಳಿ ಕೂಗಿರಲಿಲ್ಲ.

"ಏನ್ಲಾ ಆಯ್ತು?" ಗೆಳೆಯರ ಗಾಬರಿ ನನಗೂ ಕೇಳಿಸಿತು.

"ಏನೂ ಆಗ್ನಿಲ್ಲ ಕಣ್ಲಾ!" ಮಾವ ಕುಣಿಯುತ್ತ ಕೂಗಿದರು. "ಮೂರು ಗಂಟೆ ಹೊತ್ತು ಒಬ್ಬನೂ ಓಡ್ನಿಲ್ಲ! ಒಬ್ಬನೂ!"

"ಸೊಸೆ ಪಕ್ದಲ್ಲವ್ಳಾ? ಅವಳ ಕೈಗೆ ಕೊಡು ಫೋನು" ಎಂದರು ಗೆಳೆಯರು.