ರಿಯಾದ್ ದಾರಿಯ ಮುಂದಿನ ಸೀಟು

ಬುಧವಾರ ಬೆಳಿಗ್ಗೆ ಏಳಕ್ಕೆ ದಮ್ಮಾಮ್ ಬಿಟ್ಟೆವು. ಮಗಳ ಪಾಸ್‌ಪೋರ್ಟಿನ ಕೆಲಸಕ್ಕೆ ನಾನು ರಿಯಾದಿನ ಎಂಬೆಸಿಗೆ ಹೋಗಬೇಕಿತ್ತು. ರೈಲಿನ ಟಿಕೆಟ್ ಸಿಗದೆ ಉಳ್ಳಾಲದ ಹಮೀದ್ ಭಾಯಿಯ ಕಾರು ಹಿಡಿದೆ. ನಾನೂರು ಕಿಲೋಮೀಟರ್, ತಲೆಗೆ ನೂರು ರಿಯಾಲ್. ಅವರಿಗೆ ಬಾಡಿಗೆ ಓಡಿಸುವ ಲೈಸೆನ್ಸ್ ಇಲ್ಲ. ಯಾರಾದರೂ ಕೇಳಿದರೆ ನಾವೆಲ್ಲ ದೋಸ್ತಿಗಳು ಎನ್ನಬೇಕು. ಸಿಕ್ಕಿಬಿದ್ದರೆ ಅವರ ಇಕಾಮಾ ಹೋಗುತ್ತದೆ, ಈ ದೇಶದಲ್ಲಿ ಇರುವ ಪರವಾನಗಿಯೇ ಹೋದಂತೆ. ನನ್ನದೂ ಹೋದೀತೇನೋ ಎಂದು ಹಿಂದಿನ ಸೀಟಿನಲ್ಲಿ ಮುದುಡಿ ಕುಳಿತೆ. ನಾನು ಹುಟ್ಟಾ ಪುಕ್ಕಲ.

ದಹ್ರಾನಿನಲ್ಲಿ ಕ್ಯಾಲ್ವಿನ್ ಹತ್ತಿದರು. ಐವತ್ತು ದಾಟಿದ ಕಪ್ಪು ಅಮೆರಿಕನ್, ತೈಲ ಕಂಪನಿಯ ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಕೊಡುವವರು. ಮೊದಲು ಸೀಟು ಹೇಳಿದವರಿಗೆ ಮುಂದಿನ ಸೀಟು, ಇಂಥ ಕಾರುಗಳ ಕಟ್ಟಳೆ ಅದು. ಮೊದಲು ಹೇಳಿದ್ದವರು ಅವರೇ, ಮುಂದೆ ಕುಳಿತರು.

ರಿಯಾದಿನ ಬತ್ಹಾ ಪೇಟೆಯಲ್ಲಿ ಸುಡಾನಿನ ಗೆಳೆಯರು ಅವರನ್ನು ಊಟಕ್ಕೆ ಕರೆದಿದ್ದರಂತೆ. "ಅಮ್ಮನ ಕಥೆ ಹೇಳು ಅಂತ ದುಂಬಾಲು ಬಿದ್ದಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಅವರ ತಾಯಿ ಹತ್ತೊಂಬತ್ತರ ಹುಡುಗಿಯಾಗಿದ್ದಾಗಲೇ ಅಮೆರಿಕದ ಕಪ್ಪು ಜನರ ಬ್ಲ್ಯಾಕ್ ಪವರ್ ಚಳವಳಿಗೆ ಸೇರಿದ್ದವರು.

"ಬಿಳಿಯರ ಪಕ್ಕ ಕೂರಲು ಬಸ್ಸಿನಲ್ಲಿ ಸೀಟು ಸಿಕ್ಕಿತ್ತಲ್ಲ, ಮತ್ತೇನು ಬೇಕಿತ್ತು?" ಎಂದೆ.

"ಸೀಟು ಕೊಡುವವರು ಅವರೇ ಆಗಿದ್ದರಲ್ಲ" ಎಂದರು. "ನಮ್ಮ ಮಕ್ಕಳ ಶಾಲೆ ನಮ್ಮ ಕೈಯಲ್ಲಿರಬೇಕು, ನಮ್ಮ ಕೇರಿಯ ಅಂಗಡಿ ನಮ್ಮದಿರಬೇಕು, ಪೊಲೀಸರು ಹೊಡೆದರೆ ಕೇಳುವವರಿರಬೇಕು, ಕನ್ನಡಿಯಲ್ಲಿ ನಮ್ಮ ಬಣ್ಣ ನೋಡಿ ನಾಚಬಾರದು. ಎಲ್ಲಕ್ಕಿಂತ ಮೇಲೆ, ನಮ್ಮ ತೀರ್ಮಾನ ನಾವೇ ಮಾಡಬೇಕು. ಅಮ್ಮ ಕೇಳಿದ್ದು ಇಷ್ಟೇ."

ಹೊರಗೆ ಗಾಳಿ ಎದ್ದು ರಸ್ತೆಯ ಮೇಲೆ ಮರಳು ಹರಿಯುತ್ತಿತ್ತು. ಒಂದು ಪೆಟ್ರೋಲ್ ಬಂಕಿನಲ್ಲಿ ಚಾ ಕುಡಿಯಲು ನಿಂತೆವು. ಕ್ಯಾಲ್ವಿನ್ ಕೈ ತೊಳೆಯಲು ಹೋದ ಕೂಡಲೇ ಹಮೀದ್ ಭಾಯಿ ನನ್ನ ತೋಳು ಹಿಡಿದರು.

"ಸಾರ್, ಮುಂದೆ ಚೆಕ್‌ಪೋಸ್ಟ್ ಉಂಟು. ನೀವು ಮುಂದೆ ಬನ್ನಿ, ಅವರನ್ನು ಹಿಂದೆ ಕಳಿಸಿ. ನಾನು ನೀವು ದೋಸ್ತಿ ಅಂದ್ರೆ ಪೊಲೀಸ್ ನಂಬ್ತಾನೆ. ಆ ಕಪ್ಪು ಜನ ನನ್ನ ದೋಸ್ತಿ ಅಂದ್ರೆ ಯಾರು ನಂಬುದು?"

"ನೀವೇ ಹೇಳಿ ಮಾರಾಯ್ರೆ."

"ನನಗೆ ಅಷ್ಟು ಇಂಗ್ಲಿಷ್ ಎಲ್ಲಿ ಬರ್ತದೆ? ಮೂರು ಹೆಣ್ಣುಮಕ್ಕಳು ಇದ್ದಾರೆ. ಕಾರು ಹೋದ್ರೆ ನಾನು ಎಂತ ಮಾಡುದು?"

ಅವರು ನನ್ನ ತೋಳು ಬಿಡಲೇ ಇಲ್ಲ. ಕ್ಯಾಲ್ವಿನ್ ಬಂದಾಗ ನಾನು ಹಲ್ಲು ಕಿರಿದು, ಹಿಂದೆ ಕಾಲು ಚಾಚಲು ಜಾಗ ಜಾಸ್ತಿ, ಸ್ವಲ್ಪ ಮಲಗಬಹುದು ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಹಮೀದ್ ಭಾಯಿಯ ಮುಖ. ಹಿಂದಿನ ಬಾಗಿಲು ತೆರೆದರು.

ಚೆಕ್‌ಪೋಸ್ಟಿನಲ್ಲಿ ಆರು ಕಾರುಗಳ ಹಿಂದೆ ನಿಂತೆವು. ಇಕಾಮಾ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅದು ಜಾರಿ ಬಿತ್ತು, ಹೆಕ್ಕಿದೆ, ಮತ್ತೆ ಬಿತ್ತು. ಮಗಳನ್ನು ನಡುವರ್ಷದಲ್ಲಿ ಶಾಲೆ ಬಿಡಿಸಬೇಕಾದೀತೇ ಎಂದೆಲ್ಲ ಲೆಕ್ಕ ಹಾಕಿದೆ. ನಮ್ಮ ಸರದಿ ಬಂತು. ಪೊಲೀಸ್ ಬಗ್ಗಿ ಕೂಡ ನೋಡಲಿಲ್ಲ. ಮುಖಕ್ಕೆ ಕಟ್ಟಿದ್ದ ಬಟ್ಟೆ ಸರಿಮಾಡಿಕೊಳ್ಳುತ್ತ "ಯಲ್ಲಾ, ಯಲ್ಲಾ" ಎಂದು ಮುಂದೆ ಹೋಗಲು ಕೈ ಬೀಸಿದ.

ಒಂದು ಮೈಲಿ ದಾಟಿದ ಮೇಲೆ ಹಮೀದ್ ಭಾಯಿ ಕಾರು ನಿಲ್ಲಿಸಿ, ಹಿಂದೆ ತಿರುಗಿ, ಮುಂದಿನ ಸೀಟು ತಟ್ಟಿ ಕರೆದರು. ಈಗ ನೀವೇ ಬನ್ನಿ ಎಂದು ನಾನೂ ಇಳಿಯಹೊರಟೆ.

"ಬೇಡ" ಎಂದರು ಕ್ಯಾಲ್ವಿನ್. "ನೀವು ಹೇಳಿದಾಗ ಹಿಂದೆ, ನೀವು ಹೇಳಿದಾಗ ಮುಂದೆ. ನನ್ನಿಂದ ಆಗದು."

ಅಲ್ಲಿಂದ ರಿಯಾದಿನವರೆಗೂ ಅವರಿಗೆ ಬೆನ್ನು ಹಾಕಿ ಕುಳಿತೆ. ಚೆಕ್‌ಪೋಸ್ಟಿನ ಹೆದರಿಕೆ ಹೋಗಿತ್ತು, ಹಿಂದೆ ತಿರುಗುವ ಹೆದರಿಕೆ ಶುರುವಾಗಿತ್ತು.

ಬತ್ಹಾದ ಬಸ್ ನಿಲ್ದಾಣದ ಬಳಿ ಅವರು ಇಳಿದರು. ಹಮೀದ್ ಭಾಯಿಯ ಕೈ ಕುಲುಕಿ, ನನ್ನ ಕಿಟಕಿಯ ಬಳಿ ಬಂದರು.

"ಆ ಮನುಷ್ಯನಿಗೆ ಅಷ್ಟು ಹೆದರಿಕೆ ಯಾಕೆ?"

ಲೈಸೆನ್ಸ್ ಇಲ್ಲದ್ದು, ಮೂರು ಹೆಣ್ಣುಮಕ್ಕಳು, ದೋಸ್ತಿ ಎಂದರೆ ನಂಬುವುದಿಲ್ಲ ಎಂದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

"ಆ ಬಂಕಿನಲ್ಲೇ ಇದನ್ನು ಹೇಳಿದ್ದರೆ ನಾನೇ ಎದ್ದು ಹಿಂದೆ ಹೋಗುತ್ತಿದ್ದೆ" ಎಂದು ಹೇಳಿ ಅವರು ಜನರ ನಡುವೆ ನಡೆದು ಹೋದರು.