ನೋಡದೇ ಹೇಳಿದ ‘ಸರಿ’

ಕಂಪನಿಯಲ್ಲಿ ಅವಳಿಗಿದ್ದ ಅಡ್ಡಹೆಸರು ಮಗ್ಗಿ. ವಿಮಾನ ಹೊರಡುವ ಮುನ್ನ ಓದಬೇಕಾದ ಚೆಕ್‌ಲಿಸ್ಟ್ ಹಲವು ಪೈಲಟ್‌ಗಳಿಗೆ ಬಾಯಿಪಾಠ; ಕಾರ್ಡು ಕೈಯಲ್ಲಿರುತ್ತದೆ, ಕಣ್ಣು ಕಿಟಕಿಯಾಚೆ ಇರುತ್ತದೆ. ಇವಳು ಮಾತ್ರ ಹನ್ನೊಂದು ವರ್ಷದಿಂದ ಕಾರ್ಡಿನ ಮೇಲೆ ಬೆರಳಿಟ್ಟು, ಒಂದನೇ ತರಗತಿಯ ಮಗುವಿನ ಹಾಗೆ ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತಿದ್ದಳು. ನಗುವವರು ನಗಲಿ ಎಂದು ಬಿಟ್ಟಿದ್ದಳು. ಅಂಥವಳೇ ಎಡವಿದಳು ಅಂದರೆ ಇನ್ನು ಉಳಿದವರ ಪಾಡೇನು, ಹೇಳಿ.

ಆದದ್ದು ಒಂದು ಮಂಗಳವಾರ ಬೆಳಗ್ಗೆ. ಎಡಗಡೆ ಸೀಟಿನಲ್ಲಿ ಕ್ಯಾಪ್ಟನ್. ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದ ಹಿರಿಯರು, ನಿವೃತ್ತಿಗೆ ಮೂರು ತಿಂಗಳಿತ್ತು. ಬಲಗಡೆ ಸೀಟಿನಲ್ಲಿ ಅವಳು. ಮುಂದಿನ ತಿಂಗಳು ಸಮಿತಿಯೊಂದು ಕೂತು, ಅವಳನ್ನು ಕ್ಯಾಪ್ಟನ್ ಮಾಡಿ ಎಡಗಡೆ ಸೀಟಿಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದಿತ್ತು. ವಿಮಾನ ರನ್‌ವೇ ಕಡೆಗೆ ಉರುಳುತ್ತಾ ಒಂದು ತಿರುವಿಗೆ ಬಂದಿತ್ತು. ಅವಳ ಕೈ ಫ್ಲಾಪ್ ಲಿವರ್‌ಗೆ ಹೋಯಿತು. ರೆಕ್ಕೆಯ ಹಿಂಬದಿಯ ಪಟ್ಟಿಗಳಾದ ಫ್ಲಾಪ್‌ಗಳನ್ನು ಇಳಿಸದೆ ಹೊರಟರೆ ವಿಮಾನ ಏಳುವ ಮೊದಲೇ ರನ್‌ವೇ ಮುಗಿದುಹೋದೀತು. ಸರಿಯಾಗಿ ಅದೇ ತಿರುವಿನಲ್ಲಿ ರೇಡಿಯೋ ಕೂಗಿತು: ರನ್‌ವೇ ಬದಲಾಗಿದೆ. ಲಿವರ್‌ಗೆ ಹೋದ ಕೈ ಪೆನ್ನು ಹಿಡಿಯಿತು. ಹೊಸ ಲೆಕ್ಕವೆಲ್ಲ ಹಾಕಿ ಮುಗಿಸಿ ಚೆಕ್‌ಲಿಸ್ಟ್ ಓದಿದಳು. ಫ್ಲಾಪ್ ಸಾಲು ಬಂದಾಗ ತಾನೇ ‘ಸರಿ’ ಎಂದಳು, ದೊಡ್ಡಪ್ಪನೂ ‘ಸರಿ’ ಎಂದರು. ಕೈ ಹೋದದ್ದು ಅವಳಿಗೆ ನೆನಪಿತ್ತು. ಕೆಲಸ ಮುಗಿಸದೆ ವಾಪಸು ಬಂದದ್ದು ನೆನಪಿರಲಿಲ್ಲ.

ರನ್‌ವೇಯ ಅಂಚಿಗೆ ಬಂದಾಗ ಕಣ್ಣು ಲಿವರ್ ಮೇಲೆ ಬಿತ್ತು. ಸೊನ್ನೆಯಲ್ಲಿತ್ತು.

“ನಿಲ್ಲಿಸಿ ಸರ್. ಫ್ಲಾಪ್ ಇಳಿಸಿಲ್ಲ.”

ನಿಲ್ಲಿಸಿದರು, ಇಳಿಸಿದರು, ಚೆಕ್‌ಲಿಸ್ಟನ್ನು ಮೊದಲಿಂದ ಓದಿ ಹಾರಿದರು. ಹಿಂದೆ ಕೂತಿದ್ದ ನೂರಾ ಅರವತ್ತು ಜನರಿಗೆ ಏನೂ ತಿಳಿಯಲಿಲ್ಲ. ಇಂಥದ್ದಕ್ಕೆ ಎಚ್ಚರಿಸುವ ಹಾರ್ನ್ ಒಂದಿದೆ, ನಿಜ. ಆದರೆ ಹಾರ್ನ್ ನಂಬಿಕೊಂಡು ಹಾರಾಡುವ ಜಾಯಮಾನ ಅವಳದಲ್ಲ.

ಇಳಿದ ಮೇಲೆ ದೊಡ್ಡಪ್ಪ ಟೋಪಿ ಹಾಕಿಕೊಳ್ಳುತ್ತಾ, “ಕಣ್ಣಿಗೆ ಬಿತ್ತಲ್ಲಮ್ಮ, ಮುಗೀತು. ಇದನ್ನೆಲ್ಲ ಯಾರಾದ್ರೂ ಬರೀತಾರಾ?” ಎಂದರು.

“ನಾನು ಬರೀತೀನಿ ಸರ್.”

“ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ.”

ಕಂಪನಿಯ ಸುರಕ್ಷತಾ ವಿಭಾಗಕ್ಕೆ ವರದಿ ಬರೆದಳು. ನಾನು ನೋಡದೇ ‘ಸರಿ’ ಎಂದೆ, ಎಂದು ಮೊದಲ ವಾಕ್ಯ. ಆ ನಿಲ್ದಾಣದಲ್ಲಿ ರನ್‌ವೇ ಬದಲಾದ ಸುದ್ದಿ ಯಾವಾಗಲೂ ಆ ತಿರುವಿನಲ್ಲೇ ಬರುತ್ತದೆ, ಕೈ ಕೆಲಸದ ಮಧ್ಯದಲ್ಲಿರುವಾಗ; ಆದ್ದರಿಂದ ಅಲ್ಲಿ ಫ್ಲಾಪ್ ಇಳಿಸುವುದನ್ನು ವಿಮಾನ ಉರುಳುವ ಮೊದಲೇ ಮುಗಿಸಬೇಕು, ಎಂದು ಎರಡನೆಯದು.

ಮನೆಯಲ್ಲಿ ಗಂಡ ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದ. ಹೈಸ್ಕೂಲಿನ ಗಣಿತದ ಮೇಷ್ಟ್ರು. ಎಲ್ಲ ಕೇಳಿಕೊಂಡು, “ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನೋ ಮುಂಚೆನೇ ಹೆಗಲು ಮುಟ್ಟಿ ನೋಡ್ಕೋತೀಯಲ್ಲೇ” ಎಂದ.

“ಕದ್ದಿದ್ದೀನಿ ಕಣ್ರೀ, ಅದಕ್ಕೇ.”

“ಎಡಗಡೆ ಸೀಟು ಕೈತಪ್ಪಿದ್ರೆ?”

“ತಪ್ಪಲಿ.”

ತಪ್ಪಲಿ ಎಂದವಳು ತಾನೂ ಒಂದು ಬೀನ್ಸ್ ಎತ್ತಿಕೊಂಡು ನಾರು ಎಳೆಯತೊಡಗಿದಳು. ಸುಳ್ಳು ಯಾಕೆ, ಆ ಸೀಟು ಅವಳಿಗೆ ಇಪ್ಪತ್ತನೇ ವಯಸ್ಸಿನಿಂದಲೂ ಬೇಕಾಗಿತ್ತು.

ಸಮಿತಿ ಕೂತ ದಿನ ಉದ್ದನೆಯ ಮೇಜಿನಾಚೆ ಮೂವರಿದ್ದರು. ನಡುವೆ ಕೂತ ಮುಖ್ಯ ಪೈಲಟ್ ಒಳ್ಳೆಯ ಮನುಷ್ಯ; ಅದೇ ತೊಂದರೆ. ಒಳ್ಳೆಯವರು ಜಾರಿಕೊಳ್ಳಲು ಒಂದು ದಾರಿ ತೋರಿಸಿಬಿಡುತ್ತಾರೆ.

“ನಿಮ್ಮ ದಾಖಲೆಯೆಲ್ಲ ಚೆನ್ನಾಗಿದೆ ಮೇಡಂ. ಇನ್ನು ಮುಂದೆ ಇಂಥದ್ದು ಆಗಲ್ಲ ಅಂತ ಒಂದು ಮಾತು ಹೇಳಿಬಿಡಿ, ಸಹಿ ಹಾಕ್ತೀವಿ.”

ಒಂದೇ ಮಾತು. ನಾಲಿಗೆ ತುದಿಯಲ್ಲೇ ಇತ್ತು. ಅಷ್ಟು ಸಲೀಸಾಗಿ ಬಂತಲ್ಲ ಎಂದೇ ಅವಳಿಗೆ ರೇಗಿತು.

“ಹೇಳಕ್ಕಾಗಲ್ಲ ಸರ್.”

“ಅಂದ್ರೆ ಮತ್ತೆ ಆಗುತ್ತೆ ಅಂತೀರಾ?”

“ಆಗಬಹುದು. ಕಣ್ಣು ನೋಡೋ ಮುಂಚೆ ಬಾಯಿ ‘ಸರಿ’ ಅಂದುಬಿಡುತ್ತೆ. ನನ್ನ ಬಾಯಾದ್ರೂ ಅಷ್ಟೆ, ನಿಮ್ಮ ಬಾಯಾದ್ರೂ ಅಷ್ಟೆ. ಆಗದ ಹಾಗೆ ನೋಡ್ಕೋತೀನಿ, ಆದ್ರೆ ಬರೀತೀನಿ. ಆಗೋದೇ ಇಲ್ಲ ಅನ್ನೋರ ಪಕ್ಕ ಕೂರೋಕೆ ನನಗೆ ಭಯ.”

ಮೂವರೂ ಮುಖ ಮುಖ ನೋಡಿಕೊಂಡರು. ‘ಆತ್ಮವಿಶ್ವಾಸ ಸಾಲದು, ಒಂದು ವರ್ಷ ಮುಂದೂಡಲಾಗಿದೆ’ ಎಂದು ಬರೆದ ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು. ಆತ್ಮವಿಶ್ವಾಸ ಸಾಲದಂತೆ! ಅವಳು ಪೂರ್ತಿ ಓದಿ, ಸಹಿ ಹಾಕಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿಟ್ಟು ಹೊರಗೆ ಬಂದಳು.

ಕಾರಿಡಾರಿನಲ್ಲಿ ದೊಡ್ಡಪ್ಪ ಕಾಯುತ್ತಿದ್ದರು. ಅವಳ ಮುಖ ನೋಡಿದ್ದೇ ಅವರಿಗೆ ಗೊತ್ತಾಯಿತು. ಪಾಪ, ಸಮಾಧಾನ ಮಾಡಲೆಂದೇ ಬಂದವರು, ತಗ್ಗಿದ ದನಿಯಲ್ಲಿ, “ಒಂದು ಮಾತು ಅಂದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮ? ನೋಡು, ನನಗೂ ಎರಡು ಸಲ ಆಗಿತ್ತು. ಅದೇ ನಿಲ್ದಾಣ, ಅದೇ ತಿರುವು, ರನ್‌ವೇ ಬದಲಾಯ್ತು ಅಂದಾಗ್ಲೇ. ಯಾರಿಗೂ ಹೇಳಲಿಲ್ಲ. ಏನಾಯ್ತು? ಮೂವತ್ತೊಂದು ವರ್ಷ, ಒಂದು ಕಪ್ಪುಚುಕ್ಕೆ ಇಲ್ಲ” ಎಂದರು.

ಅವಳು ದನಿ ಏರಿಸಲಿಲ್ಲ.

“ಅವತ್ತೇ ನೀವು ಬರೆದಿದ್ರೆ ಸರ್, ನನಗೆ ಆಗ್ತಾನೇ ಇರಲಿಲ್ಲ.”