ಕಿಟಕಿ ಬಾಜೂ ಸೀಟು

ನಮ್ಮ ಪ್ಯಾಸೆಂಜರ್ ಗಾಡಿಯ ಹೆಣ್ಣುಮಕ್ಕಳ ಡಬ್ಬಿಯಲ್ಲಿ ಒಂದು ಕಾನೂನು ಇದೆ. ಗದಗಿನಲ್ಲಿ ಹತ್ತಿದವರು ಮುಂದಿನ ಊರುಗಳಲ್ಲಿ ಹತ್ತುವ ತಮ್ಮವರಿಗೆ ಜಾಗ ಹಿಡಿಯಬೇಕು. ಕರ್ಚೀಪು, ಕೊಡೆ ಇಟ್ಟರೆ ಯಾರೂ ಕೇಳುವುದಿಲ್ಲ, ಎತ್ತಿ ಆ ಕಡೆ ಒಗೆದು ಕೂರುತ್ತಾರೆ. ಬುತ್ತಿಚೀಲ ಇಟ್ಟರೆ ಮಾತ್ರ ಒಬ್ಬರೂ ಮುಟ್ಟುವುದಿಲ್ಲ. ಅನ್ನದ ಚೀಲ ಸರಿಸಿ ಕೂತವಳೆಂದು ಹೆಸರು ಬಂದರೆ ಹುಬ್ಬಳ್ಳಿ ಬರುವ ತನಕ ಅವಳ ಜೊತೆ ಯಾರೂ ಮಾತಾಡುವುದಿಲ್ಲ.

ಒಂಬತ್ತು ವರ್ಷ ನಾನು ಅಣ್ಣಿಗೇರಿಯಲ್ಲಿ ಹತ್ತಿ ಕಿಟಕಿ ಬಾಜೂ ಕೂತದ್ದು ಅಕ್ಕನ ಬುತ್ತಿಚೀಲದ ಪುಣ್ಯದಿಂದ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಗದಗಿನಿಂದ ದಿನಾ ಬರುವ ಹೈಸ್ಕೂಲ್ ಟೀಚರು. ನಾನು ಹುಬ್ಬಳ್ಳಿಯ ಆಫೀಸೊಂದರಲ್ಲಿ ಟಪಾಲು ನೋಡುವವಳು. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಅವಳ ಕೈ ಹೊರಗೆ ಬರುತ್ತಿತ್ತು. "ಲಗೂನ ಬಾರಲೇ!" ಹೆಬಸೂರು ದಾಟಿದ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ರೊಟ್ಟಿ ನನ್ನವು, ಪಲ್ಯ ಅವಳದು. ಕ್ರಾಸಿಂಗಿಗೆಂದು ಗಾಡಿ ಅರ್ಧ ತಾಸು ನಿಂತರೆ ಉಳಿದವರೆಲ್ಲ ರೈಲಿನವರನ್ನು ಬೈಯುತ್ತಿದ್ದರು. ನಾವಿಬ್ಬರು ಎರಿ ಹೊಲದಲ್ಲಿ ಕಡಲೆ ಮೇಯುವ ಚಿಗರಿಗಳನ್ನು ಎಣಿಸುತ್ತಿದ್ದೆವು. ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ನಾನು ಹೇಳಿದ್ದು ಆ ಸೀಟಿನಲ್ಲೇ.

ಹೋದ ಚಳಿಗಾಲ ಒಂದು ದಿನ ಹತ್ತಿ ನೋಡಿದರೆ ನನ್ನ ಜಾಗದಲ್ಲಿ ಬೇರೊಬ್ಬಳು! ಹುಬ್ಬಳ್ಳಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಅವಳೂ ಗದಗಿನವಳೇ.

"ಗಾಳಿ ಇಲ್ಲಂದ್ರ ಆಕಿಗೆ ತಲಿ ತಿರಗತೈತಂತ. ನೀ ಇತ್ಲಾಗ ಕುಂಡ್ರಲೇ," ಎಂದಳು ಅಕ್ಕ.

ಕೂತೆ. ಒಂದು ದಿನದ್ದಲ್ಲವೇ ಅಂದುಕೊಂಡೆ. ಎರಡು ತಿಂಗಳಾದರೂ ಆ ಹುಡುಗಿಯ ತಲೆ ತಿರುಗುವುದು ನಿಲ್ಲಲಿಲ್ಲ. ಚೆಂದಗಿದ್ದಳು, ಇರಲಿ, ಅದನ್ನು ಸಹಿಸಿಕೊಳ್ಳುತ್ತಿದ್ದೆ. ಆದರೆ ಅಕ್ಕನ ಹಳೇ ಚಾಷ್ಟಿಗಳನ್ನು, ನಾನು ನೂರು ಸಲ ಕೇಳಿ ನಗುವುದನ್ನೇ ಬಿಟ್ಟಿದ್ದವನ್ನು, ಈಕೆ ಮೊದಲ ಸಲ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಕ್ಕನ ಮುಖ ಅರಳುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚುರಮರಿ ನೆನೆಸಿ ಒಗ್ಗರಣೆ ಹಾಕಿ ಅವಳು ತರುತ್ತಿದ್ದ ಸುಸಲಾವನ್ನು ನಾನು ಒಂದು ದಿನವೂ ಬಾಯಿಗೆ ಹಾಕಲಿಲ್ಲ. ಒಂದು ಮುಂಜಾನೆ ಅಕ್ಕ, "ಇವತ್ತ ಸುಸಲಾ ತಿಂದ ಹೊಟ್ಟಿ ತುಂಬೇತಿ, ನಿನ್ನ ರೊಟ್ಟಿ ನಾಳೆ ತಿಂತೀನಿ ಬಿಡ," ಅಂದಳು. ಇವತ್ತಿನ ರೊಟ್ಟಿ ನಾಳೆ ತಿನ್ನುತ್ತಾಳಂತೆ! ನಾನು ಮುಖ ಊದಿಸಿಕೊಂಡು ಎದ್ದುಹೋಗಿ ಹುಬ್ಬಳ್ಳಿ ತನಕ ಬಾಗಿಲ ಹತ್ತಿರ ನಿಂತೆ.

ಮರುದಿನ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನಸುಕಿನಲ್ಲೇ ಎದ್ದು ಸ್ಟೇಶನ್ನಿಗೆ ಹೋಗಿ, ಎದುರು ದಿಕ್ಕಿನ ಗಾಡಿಗೆ ಟಿಕೆಟು ಕೇಳಿದೆ. ನನ್ನ ಪಾಸು ಆ ಕಡೆ ನಡೆಯುವುದಿಲ್ಲ.

ಟಿಕೆಟು ಕೊಡುವವರು ಗುರುತಿನವರು. "ಅಕ್ಕಾರ, ಇದು ಗದಗ ಗಾಡಿರಿ, ಹುಬ್ಬಳ್ಳಿದಲ್ಲ," ಎಂದರು.

"ಗೊತ್ತೈತ್ರಿ, ಕೊಡ್ರಿ," ಎಂದೆ.

ಗದಗಿಗೇ ಹೋಗಿ, ಅವರಿಬ್ಬರಿಗಿಂತ ಮೊದಲು ಹತ್ತಿ, ಕಿಟಕಿ ಬಾಜೂ ಕೂತುಬಿಡಬೇಕು; ಆ ಹುಡುಗಿ ಬಂದು ನೋಡಬೇಕು. ಇಷ್ಟೇ ನನ್ನ ಆಸೆ. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಅಂತಾರಲ್ಲ, ಅದೇ. ಆದರೆ ಗದಗಿನ ಹೊರಗೆ ಸಿಗ್ನಲ್ ಸಿಗದೆ ನನ್ನ ಗಾಡಿ ನಿಂತೇ ನಿಂತಿತು. ಇಳಿದು ಸೇತುವೆಯ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಹುಬ್ಬಳ್ಳಿ ಗಾಡಿ ಸೀಟಿ ಹೊಡೆದಿತ್ತು. ಓಡಿ ಕೊನೆಯ ಡಬ್ಬಿ ಹಿಡಿದೆ. ಆ ಗಾಡಿಯಲ್ಲಿ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದಾರಿ ಇಲ್ಲ. ಗಂಡಸರ ನಡುವೆ ನಿಂತು ನನ್ನ ಊರಿಗೆ ನಾನೇ ಬಂದೆ.

ಅಣ್ಣಿಗೇರಿಯಲ್ಲಿ ಇಳಿದು ಮುಂದಿನ ಹೆಣ್ಣುಮಕ್ಕಳ ಡಬ್ಬಿಗೆ ಓಡಬೇಕೆಂದು ಬಾಗಿಲಿಗೆ ಬಂದೆ. ನೋಡಿದರೆ ಅಕ್ಕ ಪ್ಲಾಟ್‌ಫಾರ್ಮಿನ ಮೇಲೆ! ಕುತ್ತಿಗೆ ಉದ್ದ ಮಾಡಿ, ಒಂದೊಂದೇ ಡಬ್ಬಿಯಲ್ಲಿ ಇಣುಕುತ್ತ ನನ್ನ ಕಡೆಗೇ ಬರುತ್ತಿದ್ದಳು. ಮೊಣಕಾಲು ನೋವಿನ ಹೆಂಗಸು, ಕುಂಟುತ್ತಿದ್ದಳು. ಕೂಗಬೇಕಿತ್ತು. ಕೂಗಿದರೆ, ನೀ ಪ್ಲಾಟ್‌ಫಾರ್ಮಿನ ಮ್ಯಾಲ ಕಾಣಲೇ ಇಲ್ಲ, ಗದಗಿಂದ ಬಂದ ಡಬ್ಬ್ಯಾಗ ಹೆಂಗ ಅದಿ ಅಂತ ಕೇಳುತ್ತಾಳೆ. ಏನು ಹೇಳಲಿ? ನಾನು ಹಿಂದೆ ಸರಿದು ಒಬ್ಬ ದಪ್ಪನೆಯ ಮನುಷ್ಯನ ಬೆನ್ನಿಗೆ ಮರೆಯಾದೆ. ಚೀಲದಲ್ಲಿ ಫೋನ್ ಬಡಿದುಕೊಂಡಿತು. ಒತ್ತಿ ಸುಮ್ಮನಾಗಿಸಿದೆ. ಗಾಡಿ ಹೊರಟಿತು. ಫೋನ್ ಕಿವಿಗೆ ಹಿಡಿದುಕೊಂಡೇ ಅಕ್ಕ ನಮ್ಮೂರ ಪ್ಲಾಟ್‌ಫಾರ್ಮಿನ ಮೇಲೆ ಉಳಿದಳು.

ಹುಬ್ಬಳ್ಳಿಯಲ್ಲಿ ಕೊನೆಯ ಡಬ್ಬಿಯಿಂದ ಇಳಿಯುವಾಗ ಸರಿಯಾಗಿ ಎದುರಿಗೆ ಬಂದಳು ಆ ಹುಡುಗಿ. ಹೆಗಲಲ್ಲಿ ತನ್ನ ಚೀಲ, ಕೈಯಲ್ಲಿ ಅಕ್ಕನ ಬುತ್ತಿಚೀಲ.

"ಅಯ್ಯ, ನೀವು ಇದ ಗಾಡ್ಯಾಗ ಅದೀರಿ! ನಿಮ್ಮನ್ನ ಹುಡಕಾಕಂತ ಅಕ್ಕಾರು ಇಳದ್ರರಿ, ಅಲ್ಲೇ ಉಳದಬಿಟ್ರು. ಆಕಿ ಸಿಟ್ಟಾಗ್ಯಾಳ, ಬ್ಯಾರೆ ಡಬ್ಬಿ ಹತ್ತತಾಳ, ಕೈ ಹಿಡಕೊಂಡ ಬಂದ ಕಿಟಕಿ ಬಾಜೂ ಕುಂಡ್ರಸ್ತೀನಿ ಅಂತ ಗದಗಿನಾಗ ನನ್ನ ಆ ಸೀಟಿಂದ ಎಬಸಿದ್ರು. ನಿಮ್ಮ ಜಾಗಕ್ಕ ಈ ಚೀಲ ಇಟ್ಟ ಹೋಗಿದ್ರರಿ."

ನನ್ನ ಕೈಯಲ್ಲಿ ಗದಗಿನ ಟಿಕೆಟು ಇನ್ನೂ ಇತ್ತು. ಅವಳ ಕಣ್ಣು ಅದರ ಮೇಲೆ ಹೋಯಿತು. ನಾನು ಅದನ್ನು ಮುಷ್ಟಿಯಲ್ಲಿ ಮುದುರಿಕೊಂಡು ನಡೆದುಬಿಟ್ಟೆ. ಅಕ್ಕ ಆಮೇಲೆ ಬಸ್ಸಿನಲ್ಲಿ ನಿಂತುಕೊಂಡು ಬಂದಳಂತೆ, ಅರ್ಧ ದಿನದ ರಜೆ ಹಾಕಿದಳಂತೆ.

ಮರುದಿನ ಗಾಡಿ ಬಂದಾಗ ಕಿಟಕಿಯಿಂದ ಕೈ ಹೊರಗೆ ಬಂತು. ಕಿಟಕಿ ಬಾಜೂ ಬುತ್ತಿಚೀಲ ಇತ್ತು. ಹುಡುಗಿ ಎದುರು ಸಾಲಿನ ತುದಿಗೆ ಹೋಗಿದ್ದಳು.

"ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ದೆಲೇ? ಫೋನ ಯಾಕ ಎತ್ತಲಿಲ್ಲ?"

"ಜ್ವರ ಬಂದಿದ್ವು ಅಕ್ಕಾ. ಮನ್ಯಾಗ ಮಲಗಿದ್ದೆ," ಎಂದೆ. ಹೇಳುತ್ತಲೇ ಹುಡುಗಿಯ ಬಾಯಿ ನೋಡಿದೆ. ಅವಳೊಂದು ಮಾತು ಆಡಿದರೆ ಒಂಬತ್ತು ವರ್ಷ ಅಲ್ಲಿಗೆ ಮುಗಿಯಿತು.

ಅವಳು ನನ್ನನ್ನೇ ನೋಡಿದಳು. ಆಮೇಲೆ, "ಹೌದ್ರಿ ಅಕ್ಕಾರ, ಮಾರಿ ನೋಡ್ರಿ, ಇನ್ನೂ ಬಾಡೇತಿ," ಎಂದಳು.

ಅಕ್ಕ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರದ ಬಾಯಿಗೆ ರೊಟ್ಟಿ ಬ್ಯಾಡ. ಆಕಿ ಸುಸಲಾ ಮೆತ್ತಗಿರತೈತಿ, ಅದನ್ನ ತಿನ್ನು," ಎಂದು ಡಬ್ಬಿಯ ಮುಚ್ಚಳಕ್ಕೆ ಹಾಕಿ ಕೊಟ್ಟಳು. ಬೇಡವೆನ್ನಲು ನನಗೆ ಬಾಯಿ ಎಲ್ಲಿತ್ತು? ತಿಂದೆ.

ಸುಸಲಾ ಅಗದಿ ಚಲೋ ಆಗಿತ್ತು. ಅದಕ್ಕೂ ಹೊಟ್ಟೆಕಿಚ್ಚಾಯಿತು.